ಸೂರ್ಯಪಾನ ಯಾಕೆ ಜೊಳ್ಳಾಯಿತು?

ಪುಸ್ತಕದಲ್ಲಿ ಅದು ಸೂರ್ಯಕಾಂತಿ. ವಿಜಯಪುರ, ಬಾಗಲಕೋಟೆ ಕಡೆಯ ಬಾಯಲ್ಲಿ ಸೂರ್ಯಪಾನ. ತಾಳಿಕೋಟೆ ಹತ್ತಿರದ ಒಂದು ಹೊಲದಲ್ಲಿ ರಾಶಿ ನಡೆದಿತ್ತು. ನಾನು ಸುಮ್ನೆ ಒಂದು ತೆನೆ ಎತ್ತಿಕೊಂಡು ಕಾಳು ಬಿಡಿಸುತ್ತ ಕೂತಿದ್ದೆ. ನೋಡೋಕೆ ತೆನೆ ತುಂಬ ಕಾಳು. ಉಗುರಿನಿಂದ ಒತ್ತಿದರೆ ಮೂರರಲ್ಲಿ ಒಂದು ಪುಸ್ಸನೆ ಒಡೆಯುತ್ತಿತ್ತು, ಒಳಗೆ ತಿರುಳೇ ಇಲ್ಲ. "ಬೀಜಾನ ಸರಿ ಇಲ್ರಿ" ಅಂದರು ಹೊಲದ ಯಜಮಾನರು. ಚೀಲ ಹೊಲಿಯುತ್ತಿದ್ದ ಅವರ ಅಕ್ಕ ತಲೆ ಎತ್ತದೆ, "ಬೀಜದ್ದೇನ್ ತಪ್ಪಿಲ್ಲೋ ತಮ್ಮಾ, ಈ ಸಲ ಹೂವಿಗಿ ಹುಳಾನ ಬರಲಿಲ್ಲ" ಅಂದರು.

ಅಕ್ಕನ ಮಾತೇ ಸರಿ ಅಂತ ನನಗನ್ನಿಸಿತು. ಸೂರ್ಯಪಾನದ ಸಿಪ್ಪೆಗೆ ಒಂದು ವಿಚಿತ್ರ ಗುಣ ಇದೆ. ಹೂವಿಗೆ ಪರಾಗ ತಾಗದಿದ್ದರೂ, ಕಾಯಿ ಕಟ್ಟದಿದ್ದರೂ, ಸಿಪ್ಪೆ ಮಾತ್ರ ತನ್ನ ಪಾಡಿಗೆ ತಾನು ಬೆಳೆದುಬಿಡುತ್ತದೆ. ಹಾಗಾಗಿ ದೂರದಿಂದ ತೆನೆ ತುಂಬಿದಂತೆ ಕಾಣುತ್ತದೆ. ತೂಕಕ್ಕೆ ಹಾಕಿದಾಗಲೇ ಗೊತ್ತಾಗೋದು. ತೆನೆಯ ನಟ್ಟನಡುವೆ ಮಾತ್ರ ಜೊಳ್ಳಿದ್ದರೆ ನೀರು, ಗೊಬ್ಬರ ಸಾಲದೇ ಹೋಗಿರಬಹುದು. ಎಲ್ಲ ಕಡೆ ಚದುರಿದಂತೆ ಜೊಳ್ಳಿದ್ದರೆ ಪರಾಗದ ಮೇಲೇ ಅನುಮಾನ ಪಡಬೇಕು.

ನಾವು ಒಂದು ಹೂವು ಅನ್ನುವುದು ನಿಜವಾಗಿ ಒಂದು ಹೂವಲ್ಲ, ಒಂದು ಊರು. ಅಂಚಿನ ಹಳದಿ ಎಸಳುಗಳು ಬರೀ ಬಾವುಟ. ಒಂದೊಂದೂ ಒಂದು ಬಂಜೆ ಹೂವು, ಹುಳಗಳನ್ನು ಕರೆಯೋದಷ್ಟೇ ಅದರ ಕೆಲಸ. ಕಾಳು ಕಟ್ಟುವುದು ಒಳಗಿನ ಪುಟ್ಟ ಹೂಗಳು, ಒಂದು ತೆನೆಯಲ್ಲಿ ಸಾವಿರಕ್ಕೂ ಜಾಸ್ತಿ. ಅವು ಅಂಚಿನಿಂದ ನಡುವಿನ ಕಡೆಗೆ, ದಿನಕ್ಕೆ ಒಂದೆರಡು ಸುತ್ತಿನಂತೆ ವಾರವಿಡೀ ಅರಳುತ್ತವೆ. ಪ್ರತಿ ಪುಟ್ಟ ಹೂವು ಮೊದಲ ದಿನ ಗಂಡು, ಪರಾಗವನ್ನು ಹೊರಗೆ ತಳ್ಳುತ್ತದೆ. ಮರುದಿನ ಹೆಣ್ಣು, ಪರಾಗ ಹಿಡಿಯುವ ಕಡ್ಡಿಯ (ಶಲಾಕೆ) ಎರಡು ತುದಿ ಬಿಚ್ಚಿಕೊಂಡು ಬೇರೆ ಗಿಡದ ಪರಾಗಕ್ಕೆ ಕಾಯುತ್ತದೆ. ತನ್ನದೇ ಪರಾಗ ಬಿದ್ದರೆ ಹಳೆಯ ತಳಿಗಳು ಹೆಚ್ಚಾಗಿ ಒಪ್ಪುತ್ತಿರಲಿಲ್ಲ. ಪರಾಗ ಅಂಟಂಟು, ತೂಕದ್ದು, ಗಾಳಿಗೆ ಅಷ್ಟಾಗಿ ಹಾರುವುದಿಲ್ಲ. ಹೆಜ್ಜೇನು, ಕೋಲುಜೇನು, ತುಡುವೆ ಬಂದರಷ್ಟೇ ಮದುವೆ.

ಇನ್ನೊಂದು ಮಾತು. ಎಳೆಯ ಮೊಗ್ಗು ಸೂರ್ಯನ ಹಿಂದೆ ತಿರುಗುವುದು ನಿಜ. ಅರಳಿ ಬಲಿತ ತೆನೆ ತಿರುಗುವುದಿಲ್ಲ, ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವ ಆ ಮುಖಕ್ಕೆ ಜೇನ್ನೊಣ ಸುಮಾರು ಐದು ಪಟ್ಟು ಹೆಚ್ಚು ಬರುತ್ತವೆ ಎಂದು 2016ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಕುಂಡದ ಗಿಡಗಳನ್ನು ಪಶ್ಚಿಮಕ್ಕೆ ತಿರುಗಿಸಿಟ್ಟು ಎಣಿಸಿದ್ದರು.

ಸೂರ್ಯಪಾನ ಬರುವ ಮೊದಲೂ ನಮ್ಮ ಎರಿ ಭೂಮಿಯಲ್ಲಿ ಎಣ್ಣೆಕಾಳು ಇತ್ತು. ಹಿಂಗಾರಿ ಜೋಳದ ಹೊಲದ ಸುತ್ತ ಕುಸುಬಿ. ಅದರ ಮುಳ್ಳಿಗೆ ದನ ಒಳಗೆ ಬರುತ್ತಿರಲಿಲ್ಲ, ಬೇಲಿಗೆ ಬೇಲಿ, ಗಾಣಕ್ಕೆ ಎಣ್ಣೆ. ಮುಂಗಾರಿಗೆ ಅಲ್ಲಲ್ಲಿ ಗುರೆಳ್ಳು. ಈ ಮೂರೂ ಒಂದೇ ಕುಟುಂಬದವು. ಆದರೆ ಸ್ವಭಾವ ಬೇರೆ. ಕುಸುಬಿ ಬಹುಪಾಲು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಜೇನು ಬಂದರೆ ಲಾಭ, ಬಾರದಿದ್ದರೂ ಕಷ್ಟವಿಲ್ಲ. ಗುರೆಳ್ಳಿಗೆ ಜೇನು ಬೇಕೇ ಬೇಕು. ಸೂರ್ಯಪಾನ ಆ ವಿಷಯದಲ್ಲಿ ಗುರೆಳ್ಳಿನ ಜಾತಿ. ಕುಸುಬಿ ಬಿಟ್ಟು ಸೂರ್ಯಪಾನ ಹಿಡಿದವರು ಬೆಳೆ ಮಾತ್ರ ಬದಲಿಸಲಿಲ್ಲ. ಹುಳಗಳ ಹಂಗಿಗೆ ಬಿದ್ದರು. ಅದನ್ನು ಆಗ ಯಾರೂ ಅವರಿಗೆ ಬಿಡಿಸಿ ಹೇಳಿದಂತೆ ಕಾಣುವುದಿಲ್ಲ.

ಗಿಡದ ತವರು ಉತ್ತರ ಅಮೆರಿಕ. ಅಲ್ಲಿಂದ ಸ್ಪೇನಿನವರು ಯುರೋಪಿಗೆ ತಂದರು, ಎಣ್ಣೆ ಬೆಳೆಯಾಗಿ ಬೆಳೆಸಿದ್ದು ರಷ್ಯಾ. ನಮ್ಮ ದೇಶಕ್ಕೆ ಎಣ್ಣೆಯ ತಳಿಗಳು ಬಂದದ್ದು 1969ರಲ್ಲಿ, ಸೋವಿಯತ್ ಒಕ್ಕೂಟದಿಂದ. ಅದೇ ಹೊತ್ತಿಗೆ ಫ್ರಾನ್ಸಿನ ಪ್ಯಾಟ್ರಿಸ್ ಲೆಕ್ಲೆರ್ ಕಾಡು ಸೂರ್ಯಕಾಂತಿಯ ಜೊತೆ ಬೆರಕೆ ಮಾಡಿ, ಪರಾಗವನ್ನೇ ಬಿಡದ ಗಿಡ ಪಡೆದರು. ಅಂಥ ಗಿಡ ಬೇರೆ ತಳಿಯ ಪರಾಗದಿಂದಲೇ ಕಾಳು ಕಟ್ಟಬೇಕು, ಹೈಬ್ರಿಡ್ ಬೀಜದ ದಾರಿ ಅಲ್ಲಿಂದ ತೆರೆಯಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಕೊಟ್ಟಿತು. ಹೈಬ್ರಿಡ್ ತನ್ನ ಪರಾಗವನ್ನೂ ಸ್ವಲ್ಪ ಮಟ್ಟಿಗೆ ಒಪ್ಪುತ್ತದೆ. ಆದರೆ ಆ ಹೈಬ್ರಿಡ್ ಬೀಜವನ್ನು ತಯಾರಿಸುವ ಹೊಲದಲ್ಲಿ ಗಂಡು ಸಾಲಿನಿಂದ ಹೆಣ್ಣು ಸಾಲಿಗೆ ಪರಾಗ ಹೊರುವುದು ಮತ್ತೆ ಅದೇ ಜೇನು.

1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರು ಮಾಡಿತು. ಸೂರ್ಯಪಾನ ಸುಮಾರು ನೂರು ದಿನದ ಬೆಳೆ, ಯಾವ ಹಂಗಾಮಿಗೂ ಒಗ್ಗುತ್ತದೆ, ದರವೂ ಇತ್ತು. 1990ರ ದಶಕದ ಮೊದಲ ಭಾಗದಲ್ಲಿ ದೇಶದಲ್ಲಿ 25 ಲಕ್ಷ ಹೆಕ್ಟೇರ್ ದಾಟಿತು, ಕರ್ನಾಟಕವೇ ಮುಂದೆ. ಆಗ ಇಂಡಿ, ಮುದ್ದೇಬಿಹಾಳ, ಹುನಗುಂದದ ರಸ್ತೆಗಳಲ್ಲಿ ಓಡಾಡಿದವರಿಗೆ ಆ ಹಳದಿ ನೆನಪಿರಬೇಕು. ಗಿಳಿ ಓಡಿಸಲು ಡಬ್ಬಿ ಬಡಿಯುತ್ತಿದ್ದ ಹುಡುಗರೂ ನೆನಪಿರಬೇಕು.

ಈಗ ಕಥೆಗೆ ನಾಲ್ಕನೇ ನೆಂಟ ಬರುತ್ತಾನೆ. ಪಾರ್ಥೇನಿಯಂ, ನಮ್ಮ ಮಾತಿನ ಕಾಂಗ್ರೆಸ್ ಕಸ. ಅದೂ ಇದೇ ಕುಟುಂಬದ್ದು, ಅದೂ ಅಮೆರಿಕದ ಕಡೆಯದು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಆಮೇಲೆ ಬದು, ರಸ್ತೆಬದಿ, ಬೀಳು ಹೊಲ ಒಂದನ್ನೂ ಬಿಡಲಿಲ್ಲ. ಅದನ್ನು ತಿನ್ನಲೆಂದು ಮೆಕ್ಸಿಕೊದಿಂದ ತರಿಸಿದ ಒಂದು ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆಲವು ವರ್ಷ ಕಳೆದ ಮೇಲೆ ಆ ದುಂಬಿ ಸೂರ್ಯಕಾಂತಿ ಎಲೆ ಮೇಲೂ ಕಾಣಿಸಿತು. ದೊಡ್ಡ ಗದ್ದಲವಾಯಿತು. ಕಸಕ್ಕೆ ತಂದದ್ದು ಬೆಳೆ ತಿನ್ನುತ್ತಿದೆಯಲ್ಲ! ತನಿಖೆಗೆ ಕೇಂದ್ರ ಸಮಿತಿ ಮಾಡಿತು. ವಿಜ್ಞಾನಿಗಳು ನೋಡಿದರೆ ಉತ್ತರ ಪರಾಗದಲ್ಲಿತ್ತು. ಪಾರ್ಥೇನಿಯಂ ಪರಾಗ ಗಾಳಿಗೆ ಹಾರಿ ಬಂದು ಸೂರ್ಯಕಾಂತಿ ಎಲೆ ಮೇಲೆ ಕೂತಿತ್ತು. ಆ ಪರಾಗಕ್ಕೆ ದುಂಬಿ ಮೋಸ ಹೋಗಿ ಎಲೆ ಕಡಿದಿತ್ತು. ದುಂಬಿ ಖುಲಾಸೆಯಾಯಿತು. ಆದರೆ ಕಸದ ಪರಾಗ ಬೆಳೆಯ ಎಲೆ ಮೇಲೆ ದಂಡಿಯಾಗಿ ಬಂದು ಬೀಳುತ್ತದೆ ಎಂಬ ಸಂಗತಿ ಆಗಲೇ ನಮ್ಮ ಕಣ್ಣೆದುರು ಇತ್ತು ಅಲ್ವಾ? ಅದರ ಬೆಲೆ ಗೊತ್ತಾದದ್ದು 1997ರಲ್ಲಿ.

ಆ ವರ್ಷ ಬಾಗೇಪಲ್ಲಿ ಕಡೆ ಸೂರ್ಯಕಾಂತಿಗೆ ಹೊಸ ರೋಗ ಬಿತ್ತು. ಎಲೆ ಕಪ್ಪಾಗಿ ಸುಟ್ಟಂತೆ, ಕಾಂಡಕ್ಕೆ ಗೆರೆ, ತೆನೆ ಸೊಟ್ಟ, ಕಾಳಿಲ್ಲ. ನೆಕ್ರೋಸಿಸ್ ಎಂದು ಹೆಸರಿಟ್ಟರು. ಮುಂದೆ ರಾಜ್ಯದ ಬೇರೆ ಜಿಲ್ಲೆಗಳಿಗೂ, ಪಕ್ಕದ ರಾಜ್ಯಗಳಿಗೂ ಹರಡಿತು. ಕಾರಣ ಒಂದು ನಂಜಾಣು, ಅಂದರೆ ವೈರಸ್. ಅದು ಪಾರ್ಥೇನಿಯಂ ಗಿಡದಲ್ಲಿ ಯಾವ ಗುರುತೂ ತೋರಿಸದೆ ಹಾಯಾಗಿ ಇರುತ್ತದೆ, ಅದರ ಪರಾಗದಲ್ಲಿ ಸವಾರಿ ಮಾಡುತ್ತದೆ. ಥ್ರಿಪ್ಸ್ ನುಸಿ ಮೈಗೆ ಆ ಪರಾಗ ಮೆತ್ತಿಕೊಂಡು ಬಂದು ಸೂರ್ಯಪಾನದ ಎಲೆ ಕೆರೆಯುತ್ತದೆ. ಗಾಯದ ಮೂಲಕ ನಂಜು ಒಳಕ್ಕೆ. 2000ದಲ್ಲಿ ಆಂಧ್ರದ ಅನಂತಪುರದ ಶೇಂಗಾ ಹೊಲಗಳನ್ನು ಒಣಗಿಸಿದ್ದೂ ಇದೇ ನಂಜಾಣು. ಕಾಳು ಕಟ್ಟಲು ಒಂದು ಪರಾಗ, ಕಾಳು ಕೆಡಿಸಲು ಇನ್ನೊಂದು.

ಮದ್ದು ಬಂತು, ನುಸಿ ಕೊಲ್ಲಲು. ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಹಚ್ಚುವುದು, ಗಿಡಕ್ಕೂ ಹೊಡೆಯುವುದು. ಇದೇ ಮದ್ದನ್ನು ಸೂರ್ಯಕಾಂತಿ ಬೀಜಕ್ಕೆ ಹಚ್ಚುವುದನ್ನು ಫ್ರಾನ್ಸ್ 1999ರಲ್ಲೇ ನಿಲ್ಲಿಸಿತ್ತು, ಜೇನು ಸಾಕುವವರ ಕೂಗಿಗೆ. ನಾವು ಅದೇ ವರ್ಷಗಳಲ್ಲಿ ಹಿಡಿದುಕೊಂಡೆವು. ರೋಗ ಕಂಡ ರೈತನಿಗೆ ಬೇರೆ ದಾರಿ ಇರಲಿಲ್ಲ, ಅದನ್ನು ತಪ್ಪೆನ್ನಲಾರೆ. ಹೂವು ಬಿಟ್ಟ ಹೊತ್ತಿಗೆ, ಅದೂ ಬೆಳಿಗ್ಗೆ, ಪಂಪು ಹೆಗಲಿಗೇರಿಸಿ ಹೊಡೆಯುವುದು ಮಾತ್ರ ತಪ್ಪೇ.

ಬೆಳೆ ಕುಗ್ಗಲು ರೋಗ ಒಂದೇ ಕಾರಣವಲ್ಲ. 1990ರ ದಶಕದ ನಡುವೆ ಹೊರದೇಶದ ಎಣ್ಣೆಗೆ ಬಾಗಿಲು ತೆರೆಯಿತು, ದರ ಬಿತ್ತು. ಆಲಮಟ್ಟಿ ನೀರು ಬಂದ ಕಡೆ ಕಬ್ಬು, ಗೋವಿನಜೋಳ, ಉಳಿದ ಕಡೆ ತೊಗರಿ. ಇವತ್ತು ದೇಶದ ಸೂರ್ಯಕಾಂತಿ ಹೊಲ ಅಂದಿನ ಐದರಲ್ಲಿ ಒಂದು ಪಾಲೂ ಇಲ್ಲ. ಎಣ್ಣೆ ಯುಕ್ರೇನ್, ರಷ್ಯಾ, ಅರ್ಜೆಂಟೀನಾದಿಂದ ಹಡಗಿನಲ್ಲಿ ಬರುತ್ತದೆ. ಬೀಜ ಬಂದ ದಾರಿಯಲ್ಲೇ.

ಇನ್ನೂ ಬಿತ್ತುವವರಿಗೆ ಕೃಷಿ ತಜ್ಞರು ಹೇಳುವುದರಲ್ಲಿ ಮದ್ದಿಲ್ಲದ ಉಪಾಯಗಳೂ ಇವೆ. ಹೆಕ್ಟೇರಿಗೆ 5 ಜೇನುಪೆಟ್ಟಿಗೆ. ಅದಾಗದಿದ್ದರೆ ಬೆಳಗಿನ ಹೊತ್ತು ಮೆತ್ತನೆ ಬಟ್ಟೆಯಿಂದ ತೆನೆಯಿಂದ ತೆನೆಗೆ ಸವರುತ್ತ ಹೋಗುವುದು, ದಿನ ಬಿಟ್ಟು ದಿನ. ಬದುವಿನ ಕಾಂಗ್ರೆಸ್ ಕಸವನ್ನು ಹೂವು ಬಿಡುವ ಮೊದಲೇ ಕೀಳುವುದು. ಇನ್ನೊಂದು, ಸೂರ್ಯಪಾನ ಬಿತ್ತುವ ಎರಡು ವಾರ ಮೊದಲೇ ಹೊಲದ ಸುತ್ತ ಮೂರು ನಾಲ್ಕು ಸಾಲು ಜೋಳ ಹಾಕುವುದು. ಗಾಳಿಗೆ ಬರುವ ನುಸಿ, ಪರಾಗ ಎರಡನ್ನೂ ಅದು ತಡೆಯುತ್ತದೆ. ತಾಳಿಕೋಟೆಯ ಅಕ್ಕನಿಗೆ ಇದನ್ನು ಹೇಳಿದಾಗ ಅವರು ನಕ್ಕರು. "ನಮ್ಮಪ್ಪ ಜ್ವಾಳ ಕಾಯಾಕ ಸುತ್ತ ಕುಸುಬಿ ಹಾಕ್ತಿದ್ದ. ಈಗ ಜ್ವಾಳನ ಕಾವಲಾ ಆತೇನು?"