ಅಮ್ಮ ಕೊಟ್ಟ ಕಿಡ್ನಿ ಯಾಕೆ ಸುಮ್ಮನಾಯಿತು?

ಕಿಡ್ನಿ ಕಸಿಯಾದ ಮೊದಲ ವಾರ ನಮ್ಮ ಕಣ್ಣೆಲ್ಲ ಮೂತ್ರದ ಚೀಲದ ಮೇಲೇ ಇರುತ್ತದೆ. ಆ ವಾರದಲ್ಲೇ ಮತ್ತೆ ಡಯಾಲಿಸಿಸ್ ಬೇಕಾದರೆ, ಹೊಸ ಕಿಡ್ನಿ ತಡವಾಗಿ ಕೆಲಸ ಶುರು ಮಾಡುತ್ತಿದೆ ಎಂದು ಲೆಕ್ಕ. ಮೃತ ದಾನಿಯ ಕಿಡ್ನಿಯಲ್ಲಿ ಇದು ಅಪರೂಪವಲ್ಲ. ರಕ್ತವಿಲ್ಲದೆ ಗಂಟೆಗಟ್ಟಲೆ ಐಸ್‌ನಲ್ಲಿದ್ದ ಕಿಡ್ನಿ ಸುಧಾರಿಸಿಕೊಳ್ಳಲು ಸಮಯ ಬೇಕು, ಅಲ್ವಾ?

ಆದರೆ ನಮ್ಮಲ್ಲಿ ಕಸಿಯಾದ ಒಬ್ಬ ಹುಡುಗನಿಗೆ ಕಿಡ್ನಿ ಕೊಟ್ಟವರು ಅವನ ಅಮ್ಮ. ಪಕ್ಕದ ಆಪರೇಷನ್ ಥಿಯೇಟರಿನಿಂದ ನೇರ ಬಂದ ಕಿಡ್ನಿ. ಮೊದಲ ದಿನ ಮೂತ್ರ ಚೆನ್ನಾಗಿ ಬಂತು, ಮೂರನೇ ದಿನಕ್ಕೆ ಕಡಿಮೆಯಾಯಿತು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಎಲ್ಲ ಸರಿಯಿತ್ತು. ಮೂತ್ರದ ನಳಿಕೆ (ಕ್ಯಾಥೆಟರ್) ಕಟ್ಟಿಕೊಂಡಿರಲಿಲ್ಲ. ಆಪರೇಷನ್ ಜಾಗದಿಂದ ದ್ರವ ಹೊರತರುವ ಡ್ರೇನ್ ಕೊಳವೆಯ ನೀರಿನಲ್ಲಿ ಕ್ರಿಯಾಟಿನಿನ್ (ಮೂತ್ರದಲ್ಲಿ ಹೆಚ್ಚಿರುವ ತ್ಯಾಜ್ಯ) ರಕ್ತದಲ್ಲಿದ್ದಷ್ಟೇ ಇತ್ತು, ಅಂದರೆ ಮೂತ್ರ ಸೋರುತ್ತಿರಲಿಲ್ಲ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಔಷಧಿಯ ಮಟ್ಟವೂ ರಕ್ತದಲ್ಲಿ ಸರಿಯಿತ್ತು. ಆದರೂ ನಾನು ‘ನೋಡೋಣ’ ಎಂದು ಐದು ದಿನ ಕಾದೆ. ಕಾಯಬಾರದಿತ್ತು.

ಕಿಡ್ನಿಯ ಚೂರು ತೆಗೆದು ಬಯಾಪ್ಸಿ ಮಾಡಿದೆವು. ಪೆಥಾಲಜಿಸ್ಟ್ ಸೂಕ್ಷ್ಮದರ್ಶಕಕ್ಕೆ ಹರಳುಗಳನ್ನು ಹೊಳೆಯುವಂತೆ ತೋರಿಸುವ ಪೋಲರೈಸರ್ ಹಾಕಿ ನನ್ನನ್ನು ಕರೆದರು. ಕಪ್ಪು ಹಿನ್ನೆಲೆಯಲ್ಲಿ, ಕಿಡ್ನಿಯೊಳಗೆ ಮೂತ್ರ ಹರಿಯುವ ಸಣ್ಣ ನಾಳಗಳ ತುಂಬ, ಬೀಸಣಿಗೆಯಂತೆ ಹರಡಿದ ಹರಳುಗಳು ಬಣ್ಣಬಣ್ಣವಾಗಿ ಹೊಳೆಯುತ್ತಿದ್ದವು. ಕ್ಯಾಲ್ಸಿಯಂ ಆಕ್ಸಲೇಟ್, ಕಿಡ್ನಿ ಕಲ್ಲುಗಳಲ್ಲಿರುವ ಲವಣ.

ಹಳೇ ಫೈಲ್‌ನಲ್ಲಿ ‘ಕಿಡ್ನಿ ವೈಫಲ್ಯ, ಕಾರಣ ತಿಳಿದಿಲ್ಲ’ ಎಂದಷ್ಟೇ ಇತ್ತು. ಅಮ್ಮನನ್ನು ಮತ್ತೆ ಕೂರಿಸಿಕೊಂಡು ಕೇಳಿದೆ. ಹುಡುಗನಿಗೆ ಎಂಟನೇ ವಯಸ್ಸಿಗೇ ಕಿಡ್ನಿಯಲ್ಲಿ ಕಲ್ಲು, ಎರಡು ಸಲ ಆಪರೇಷನ್. ಅಮ್ಮನ ಮದುವೆ ಆದದ್ದು ತಮ್ಮ ಸೋದರಮಾವನ ಜೊತೆ. ‘ಕಲ್ಲು ತೆಗೆದಾಯ್ತಲ್ಲ ಡಾಕ್ಟ್ರೇ, ಅದಕ್ಕೇ ಹೇಳಲಿಲ್ಲ’ ಎಂದರು.

ಜೀನ್ ಪರೀಕ್ಷೆಯಲ್ಲಿ ಪ್ರೈಮರಿ ಹೈಪರ್‌ಆಕ್ಸಲೂರಿಯಾ ಖಚಿತವಾಯಿತು. ಇದು ವಂಶದಿಂದ ಬರುವ ಕಾಯಿಲೆ, ರಕ್ತಸಂಬಂಧದ ಮದುವೆಯ ಮಕ್ಕಳಲ್ಲಿ ಸಾಧ್ಯತೆ ಹೆಚ್ಚು. ಅಮ್ಮನ ಕಿಡ್ನಿಯಲ್ಲಿ ದೋಷವಿರಲಿಲ್ಲ. ದೋಷ ಇದ್ದದ್ದು ಹುಡುಗನ ಲಿವರ್‌ನಲ್ಲಿ. ಅಲ್ಲಿ ಒಂದು ಕಿಣ್ವ ಕೆಲಸ ಮಾಡದೆ ಆಕ್ಸಲೇಟ್ ಜಾಸ್ತಿ ತಯಾರಾಗುತ್ತದೆ. ಕಿಡ್ನಿ ಕೆಟ್ಟ ಮೇಲೆ ಅದು ಮೂಳೆಗಳಲ್ಲಿ ಸೇರಿಕೊಳ್ಳುತ್ತದೆ. ಹೊಸ ಕಿಡ್ನಿ ಸಿಕ್ಕೊಡನೆ ಅಷ್ಟೂ ಅದರೊಳಗೆ ನುಗ್ಗುತ್ತದೆ. ಇಂಥವರಿಗೆ ಹೆಚ್ಚಾಗಿ ಲಿವರ್ ಕಸಿಯೂ ಬೇಕಾಗುತ್ತಿತ್ತು. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲುಮಾಸಿರಾನ್ ಇಂಜೆಕ್ಷನ್ ಲಿವರ್‌ನಲ್ಲಿ ಆಕ್ಸಲೇಟ್ ತಯಾರಾಗುವುದನ್ನು ತಗ್ಗಿಸುತ್ತದೆ. ಆದರೆ ಅದರ ಬೆಲೆ ನಮ್ಮ ಕುಟುಂಬಗಳ ಕೈಗೆಟುಕುವಂಥದ್ದಲ್ಲ. ಆಕ್ಸಲೇಟ್ ತಗ್ಗಿಸಲು ನಾವು ದಿನವೂ ಡಯಾಲಿಸಿಸ್ ಮಾಡಿದೆವು, ವಿಟಮಿನ್ ಬಿ6 ಕೊಟ್ಟೆವು. ಕಿಡ್ನಿ ಅರ್ಧಂಬರ್ಧ ಚೇತರಿಸಿತು.

ಹರಳು ಕಂಡಲ್ಲೆಲ್ಲ ಈ ಕಾಯಿಲೆಯೇ ಇರುತ್ತದೆ ಎಂದಲ್ಲ. ಕರಾವಳಿಯವರು ಬಂದರೆ ಬಿಂಬುಳಿ ಎಂಬ ಹುಳಿಕಾಯಿಯ ಜ್ಯೂಸ್ ಕುಡಿಯುತ್ತೀರಾ ಎಂದೂ ಕೇಳುತ್ತೇನೆ, ಅದರಲ್ಲೂ ಆಕ್ಸಲೇಟ್ ವಿಪರೀತ. ಕಸಿಗೆ ಹೆಸರು ಬರೆಸಲು ಬಂದವರಿಗೆ ಈಗ ನನ್ನ ಮೊದಲ ಪ್ರಶ್ನೆ: ಚಿಕ್ಕವರಿದ್ದಾಗ ನಿಮಗಾಗಲಿ ಒಡಹುಟ್ಟಿದವರಿಗಾಗಲಿ ಕಿಡ್ನಿಯಲ್ಲಿ ಕಲ್ಲಾಗಿತ್ತಾ?