ಹವಾಯಿ ಹಕ್ಕಿಗಳನ್ನು ಬೆಟ್ಟ ಹತ್ತಿಸಿದ ಸೊಳ್ಳೆ

ಹೊನೊಲುಲು ಪೇಟೆಯಲ್ಲಿ ಎಲ್ಲಿ ನೋಡಿದರೂ ನಮ್ಮ ಗೊರವಂಕ. 1865ರಲ್ಲಿ ಬೆಳೆಯ ಹುಳು ತಿನ್ನಲಿ ಅಂತ ಭಾರತದಿಂದ ತರಿಸಿ ಬಿಟ್ಟದ್ದು. ಹವಾಯಿಯದೇ ಆದ ಕಾಡುಹಕ್ಕಿ ನೋಡಬೇಕೆಂದರೆ ಮಾತ್ರ ಬೆಟ್ಟ ಹತ್ತಬೇಕು.

ಈ ದ್ವೀಪಗಳಿಗೆ ಹತ್ತಿರದ ಖಂಡವೇ ಸುಮಾರು 3,800 ಕಿ.ಮೀ. ದೂರ. ಲಕ್ಷಾಂತರ ವರ್ಷಗಳ ಹಿಂದೆ ಹೇಗೋ ಬಂದು ಸೇರಿದ ಒಂದು ಫಿಂಚ್ ಹಕ್ಕಿಯ ಸಂತತಿಯೇ ಕವಲೊಡೆದು ಐವತ್ತಕ್ಕೂ ಹೆಚ್ಚು ಜಾತಿಯ ಹನಿಕ್ರೀಪರ್‌ಗಳಾದವು. ಕೆಂಪು ಇಈವಿಗೆ ಹೂವಿನ ಆಳಕ್ಕೆ ಇಳಿಯುವ ಬಾಗಿದ ಕೊಕ್ಕು. ಮಾವಿ ದ್ವೀಪದ ಕಿವಿಕಿಯುಗೆ ಗಿಳಿಯಂಥ ಕೊಕ್ಕು. ಕಡ್ಡಿ ಸೀಳಿ ಒಳಗಿನ ಹುಳು ಎಳೆದು ತಿನ್ನುತ್ತದೆ. ಈಗ ಉಳಿದಿರುವುದು 17 ಜಾತಿ ಅಷ್ಟೇ.

ತಪ್ಪನ್ನು ಸಾಮಾನ್ಯವಾಗಿ ಗರಿಯ ಮೇಲಂಗಿ ತೊಡುತ್ತಿದ್ದ ಅಲ್ಲಿನ ಅರಸರ ಮೇಲೆ ಹೊರಿಸುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಕಾಡು ಕಡಿದದ್ದು, ಇಲಿ, ದನ, 1883ರಲ್ಲಿ ಕಬ್ಬಿನ ಗದ್ದೆಗೆ ತಂದ ಮುಂಗುಸಿ, ಎಲ್ಲದರದ್ದೂ ಪಾಲಿದೆ. ಆದರೆ ದೊಡ್ಡ ಹೊಡೆತ ಕೊಟ್ಟದ್ದು ಸೊಳ್ಳೆ.

1826ರವರೆಗೆ ಹವಾಯಿಯಲ್ಲಿ ಸೊಳ್ಳೆಯೇ ಇರಲಿಲ್ಲ. ಆ ವರ್ಷ ಮೆಕ್ಸಿಕೋದಿಂದ ಬಂದ ವೆಲಿಂಗ್ಟನ್ ಎಂಬ ಹಡಗಿನವರು ಮಾವಿಯ ಲಹೈನಾದಲ್ಲಿ ನೀರಿನ ಪೀಪಾಯಿ ತೊಳೆದರಂತೆ. ಹಳೆ ನೀರಿನ ಜೊತೆ ಸೊಳ್ಳೆಮರಿಗಳೂ ಹಳ್ಳ ಸೇರಿದವು. ನಮ್ಮ ಚರಂಡಿಯಲ್ಲಿ ಹುಟ್ಟಿ ಆನೆಕಾಲು ರೋಗ ಹರಡುವ ಅದೇ ಕ್ಯೂಲೆಕ್ಸ್ ಸೊಳ್ಳೆ ಅದು.

ಸೊಳ್ಳೆ ಒಂದೇ ಬಂದಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ. ಆಮೇಲೆ ಹೊರಗಿನಿಂದ ತಂದ ಹಕ್ಕಿಗಳ ರಕ್ತದಲ್ಲಿ ಹಕ್ಕಿ ಮಲೇರಿಯಾ ಬಂತು. ಆ ಹಕ್ಕಿಗಳಿಗೆ ಅದನ್ನು ತಡೆಯುವ ಶಕ್ತಿ ಇತ್ತು, ಇವಕ್ಕೆ ಇರಲಿಲ್ಲ. ಇಈವಿಗೆ ರೋಗದ ಸೊಳ್ಳೆ ಒಮ್ಮೆ ಕಚ್ಚಿದರೂ ಹತ್ತರಲ್ಲಿ ಒಂಬತ್ತು ಸಾಯುತ್ತವೆ.

ಕಾರಣ ಖಚಿತವಾಗಲು ಬಹಳ ಕಾಲ ಹಿಡಿಯಿತು. ರಿಚರ್ಡ್ ವಾರ್ನರ್ ಎಂಬ ವಿಜ್ಞಾನಿ ಸೊಳ್ಳೆಯಿಲ್ಲದ ಲೇಸನ್ ದ್ವೀಪದ ಫಿಂಚ್‌ಗಳನ್ನು ತಗ್ಗು ಪ್ರದೇಶಕ್ಕೆ ತಂದು ನೋಡಿದರು. ಸೊಳ್ಳೆ ನುಗ್ಗದಂತೆ ಬಟ್ಟೆ ಸುತ್ತಿದ ಪಂಜರದವು ಬದುಕಿದವು, ತೆರೆದ ಪಂಜರದವು ಸತ್ತವು. ಇದು ಪ್ರಕಟವಾದದ್ದು 1968ರಲ್ಲಿ.

ಸುಮಾರು 1,500 ಮೀಟರ್‌ಗಿಂತ ಮೇಲಿನ ಚಳಿಯಲ್ಲಿ ಸೊಳ್ಳೆಯೂ ಕಡಿಮೆ, ರೋಗಾಣುವೂ ಬೆಳೆಯುವುದಿಲ್ಲ. ಹಾಗಾಗಿ ಉಳಿದ ಹಕ್ಕಿಗಳು ಅಲ್ಲೇ ಉಳಿದವು. ಈಗ ಬಿಸಿ ಏರುತ್ತಿದೆ, ಸೊಳ್ಳೆಯೂ ಮೇಲೇರುತ್ತಿದೆ. ಕೌವಾಯಿ ದ್ವೀಪದ ತುದಿಯೇ 1,600 ಮೀಟರ್ ಮುಟ್ಟುವುದಿಲ್ಲ, ಇನ್ನೆಲ್ಲಿಗೆ ಹತ್ತುವುದು? 2023ರಲ್ಲಿ ಅಲ್ಲಿನ ಕಾಡಿನಲ್ಲಿ ಅಕಿಕಿಕಿ ಹಕ್ಕಿ ಐದೇ ಐದು ಉಳಿದಿತ್ತು.

ಸದ್ಯದ ಉಪಾಯ ಸ್ವಲ್ಪ ತಮಾಷೆಯಾಗಿದೆ: ಸೊಳ್ಳೆ ಕಡಿಮೆ ಮಾಡಲು ಇನ್ನಷ್ಟು ಸೊಳ್ಳೆ ಬಿಡುವುದು. 2023ರ ಕೊನೆಯಿಂದ ಮಾವಿಯಲ್ಲಿ ಹೆಲಿಕಾಪ್ಟರ್‌ನಿಂದ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಇರುವ ಗಂಡು ಸೊಳ್ಳೆಗಳನ್ನು ಬಿಡುತ್ತಿದ್ದಾರೆ. ಗಂಡು ಕಚ್ಚುವುದಿಲ್ಲ. ಅದರ ಜೊತೆ ಕೂಡಿದ ಕಾಡಿನ ಹೆಣ್ಣು ಇಟ್ಟ ಮೊಟ್ಟೆ ಒಡೆದು ಮರಿಯಾಗುವುದಿಲ್ಲ. ಆದರೆ ಒಂದು ಸಲ ಬಿಟ್ಟರೆ ಮುಗಿಯಲಿಲ್ಲ. ರಸ್ತೆಯೇ ಇಲ್ಲದ ಮಳೆಕಾಡಿನ ಮೇಲೆ ಮತ್ತೆ ಮತ್ತೆ ಹಾರಿ, ಲಕ್ಷಗಟ್ಟಲೆ ಸೊಳ್ಳೆ ಸುರಿಯುತ್ತಲೇ ಇರಬೇಕು.