ಸತ್ತ ಕುರಿಯೂ ಹಗೇವಿನ ಬಾಯಿಯೂ

"ಸಂಜೀಕ ಚಲೋ ಮೇದಿತ್ರೀ ಸರ, ಮುಂಜಾನೆ ನೋಡಿದ್ರ ಕಾಲು ಚಾಚಿತ್ತು. ಯಾರ ಕಣ್ಣು ಬಿತ್ತೋ ಏನೋ!" ಕುಷ್ಟಗಿ ಕಡೆ ಹೊಲದಲ್ಲಿ ಕುರಿ ತರುಬಿದ್ದ ಅಜ್ಜ ಹೀಗೆಂದಾಗ ಅವನ ಕೈಯಲ್ಲಿ ಆಗಲೇ ಚೂರಿ ಇತ್ತು. ಕುರಿಯ ಮೂಗಿನಿಂದ ಇಳಿದ ರಕ್ತ ಕಪ್ಪಗಿತ್ತು, ಹೆಪ್ಪುಗಟ್ಟಿರಲಿಲ್ಲ. ಕೆಟ್ಟ ಕಣ್ಣಿಗೆ ನಾನು ಹೆದರುವವನಲ್ಲ, ಆ ಚೂರಿಗೆ ಹೆದರಿದೆ. ಇದು ನೆರಡಿ, ಅಂದರೆ ಆಂಥ್ರಾಕ್ಸ್ ರೋಗವಾಗಿದ್ದರೆ?

ನಮ್ಮ ಕಡೆ ಹಗೇವಿಗೆ, ಅಂದರೆ ನೆಲದೊಳಗಿನ ಕಾಳಿನ ಗುಂಡಿಗೆ, ಜೋಳ ತುಂಬಿ ಬಾಯಿ ಮುಚ್ಚಿದರೆ ಒಳಗಿನ ಹುಳ ಉಸಿರುಗಟ್ಟಿ ಸಾಯುತ್ತಿದ್ದವು. ತೆರೆದವರು ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದುದೂ ಅದಕ್ಕೇ. ಸತ್ತ ಕುರಿಯೂ ಅಂಥದೇ ಹಗೇವು. ಚರ್ಮ ಹರಿಯದಿದ್ದರೆ ಒಳಗಿನ ನೆರಡಿ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವಿಲ್ಲ. ಕೊಳೆಸುವ ಜೀವಿಗಳ ನೂಕುನುಗ್ಗಲಲ್ಲಿ ಕೆಲವೇ ದಿನಗಳಲ್ಲಿ ಅಳಿಯುತ್ತದೆ. ಕೊಯ್ದಿರೋ, ಗಾಳಿ ತಾಗಿ ಅದು ಸ್ಪೋರ್ ಆಗುತ್ತದೆ. ಬ್ಯಾಕ್ಟೀರಿಯಾ ಎಳೆ ಸಸಿಯಾದರೆ ಸ್ಪೋರ್ ಹುಣಸೆಬೀಜ. ಬಿಸಿಲಿಗೆ ಬಿರಿದ ಎರೆಮಣ್ಣಲ್ಲಿ ದಶಕಗಟ್ಟಲೆ ಬಿದ್ದಿದ್ದು, ಮೇಯುವ ಕುರಿಯ ಹೊಟ್ಟೆ ಸೇರಿದ ಮೇಲೆ ಮೊಳೆಯುತ್ತದೆ. ಬ್ರಿಟನ್ 1942ರಲ್ಲಿ ಸ್ಕಾಟ್ಲೆಂಡಿನ ಗ್ರುಯ್ನಾರ್ಡ್ ದ್ವೀಪದ ಕುರಿಗಳ ಮೇಲೆ ಇದನ್ನು ಅಸ್ತ್ರವಾಗಿ ಪ್ರಯೋಗಿಸಿತು. ದ್ವೀಪ ಸುರಕ್ಷಿತವೆಂದು ಸಾರಿದ್ದು 1990ರಲ್ಲಿ, ಅದೂ ಫಾರ್ಮಾಲ್ಡಿಹೈಡ್ ಸುರಿದು ತೊಳೆದ ಮೇಲೆ!

ಈ ವೇಷಾಂತರವನ್ನು ಮೊದಲು ಬಿಡಿಸಿಟ್ಟವನು ರಾಬರ್ಟ್ ಕಾಖ್. ಆಗವನು ದೊಡ್ಡ ಪ್ರಯೋಗಾಲಯದ ವಿಜ್ಞಾನಿಯಲ್ಲ, ಸಣ್ಣ ಊರಿನ ವೈದ್ಯ. ದನದ ಕಣ್ಣಿನ ದ್ರವದ ಹನಿಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಕಡ್ಡಿಯಂಥವು ದಾರವಾಗಿ, ದಾರದೊಳಗೆ ಮಣಿ ಮೂಡುವುದನ್ನು ಮನೆಯಲ್ಲೇ ಕೂತು ನೋಡಿ 1876ರಲ್ಲಿ ಪ್ರಕಟಿಸಿದ.

"ಚೆಂದಾಗಿ ಕುದಿಸಿದ್ರ ಏನೂ ಆಗಂಗಿಲ್ಲ" ಅನ್ನುವವರ ಜೊತೆ ವಾದಿಸಿ ಸಾಕಾಗಿದೆ. ಸ್ಪೋರ್ ಮನೆ ಒಲೆಯ ಶಾಖಕ್ಕೆ ಸುಲಭವಾಗಿ ಬಗ್ಗುವ ಜಾತಿಯಲ್ಲ. ಸಾರು ಕುದಿಯುವುದಿರಲಿ, ಅದಕ್ಕೂ ಮೊದಲೇ ಕೊಯ್ದವರ ಕೈಯ ಗೀರಿನಲ್ಲಿ ಅದು ಹೊಕ್ಕಿರಬಹುದು. ನಾಲ್ಕಾರು ದಿನದಲ್ಲಿ ನೋವೇ ಇಲ್ಲದ ಕರಿ ಹುಣ್ಣು. ನೋವಿಲ್ಲವೆಂದೇ ದವಾಖಾನೆಗೆ ತಡವಾಗಿ ಹೋಗುತ್ತಾರೆ. ಬೇಗ ಹೋದರೆ ಪೆನ್ಸಿಲಿನ್‌ಗೆ ಬಗ್ಗುವ ಕಾಯಿಲೆ.

ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದೆವು. ಬಂದ ಪಶುವೈದ್ಯರು ಹೊಟ್ಟೆ ಕೊಯ್ಯಲಿಲ್ಲ. ಕೈಗವಸು ಹಾಕಿ, ಕಿವಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿದರು. ಮೂಗಿಗೆ ಔಷಧದಲ್ಲಿ ನೆನೆಸಿದ ಹತ್ತಿ ತುರುಕಿದರು. ನೆರಡಿಯಾಗಿದ್ದರೆ, ಮೆಥಿಲೀನ್ ಬ್ಲೂ ಬಣ್ಣ ಹಾಕಿದಾಗ ನೀಲಿ ಕಡ್ಡಿಗಳ ಸುತ್ತ ಗುಲಾಬಿ ಪೊರೆ ಕಾಣುತ್ತದೆ.

"ಇಷ್ಟ ರಕ್ತದಾಗ ಗೊತ್ತಾಗತೈತೇನ್ರೀ?" ಅಂದ ಅಜ್ಜ ಚೂರಿ ಕೆಳಗಿಟ್ಟು, ಹಟ್ಟಿಯ ಕಡೆ ತಿರುಗಿದ. "ಹಂಗಾದ್ರ ಉಳಿದವಕ್ಕ ಯಾವಾಗ ಸೂಜಿ ಹಾಕ್ತೀರಿ?"